ಸೀತುವಿಗೆ ಬಂದ ಪರದೇಶದ ಸಂಬಂಧ

ಕುಂಬ್ರದ ಟೈಲರ್ ತ್ಯಾಂಪಣ್ಣನಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಊರಿನಲ್ಲಿ ಯಾರೂ ಪರೀಕ್ಷೆ ಮಾಡಿ ನೋಡದ ಸತ್ಯವಾಗಿತ್ತು. ಪ್ರಾಯಕಾಲದಲ್ಲಿ ಮೂರು ವರ್ಷ ಬೊಂಬಾಯಿಯ ಒಂದು ಹೊಲಿಗೆ ಅಂಗಡಿಯಲ್ಲಿ ಕೂತು ಪ್ಯಾಂಟಿನ ಕಿಸೆ ಮಾತ್ರ ಹೊಲಿದು ಬಂದವನು ಅವನು. ಕಿಸೆಯ ಸಂಗಡ ಅವನಿಗೆ ದಕ್ಕಿದ ಇಂಗ್ಲಿಷ್ 'ಎಸ್', 'ನೋ', 'ಟೈಟ್', 'ಲೂಸ್', 'ನೆಕ್ಸ್ಟ್ ವೀಕ್' ಎಂಬ ಮಾತುಗಳ ಆಸುಪಾಸಿನಲ್ಲೇ ಇತ್ತು. ಕುಂಬ್ರದಂತಹ ಜಂಕ್ಷನ್ನಿಗೆ ಇಪ್ಪತ್ತು ವರ್ಷ ಅಷ್ಟು ಧಾರಾಳ ಸಾಕಾಗಿತ್ತು.

ಸಾಕಾಗದೆ ಹೋದದ್ದು ಎಂಬತ್ತಮೂರನೆಯ ಇಸವಿಯಲ್ಲಿ. ಮಂಗಳೂರಿನ ಒಂದು ಸಂಸ್ಥೆಯವರು ಹೊಸದೊಂದು ಯೋಜನೆ ಮಾಡಿದ್ದರು. ಮನುಷ್ಯರ ಹಕ್ಕುಗಳಿಗಾಗಿ ದುಡಿಯುವ ಪರದೇಶದ ಕಲಾವಿದರನ್ನು ಕರೆಸುವುದು, ಹೋಟೆಲಿನಲ್ಲಿ ಇಡದೆ ಹಳ್ಳಿಯ ಒಂದು ಮನೆಯಲ್ಲಿ ಎರಡು ತಿಂಗಳು ಇಡುವುದು, ಅವರು ಊರವರ ಜೊತೆ ಉಂಡು, ಊರವರ ಜೊತೆ ಸೇರಿಯೇ ತಮ್ಮ ಕೆಲಸ ಮಾಡುವುದು. ಊರಿನ ಯುವಕ ಮಂಡಲದ ಕಾರ್ಯದರ್ಶಿ ಪ್ರೇಮನಾಥ ಮಾಸ್ಟ್ರು ಈ ಕಾಗದ ಹಿಡಿದುಕೊಂಡು ತ್ಯಾಂಪಣ್ಣನ ಅಂಗಡಿಗೆ ಬಂದರು.

"ಬರುವವಳು ಬಟ್ಟೆಯಲ್ಲಿ ಚಿತ್ರ ಹೊಲಿಯುವವಳಂತೆ. ದಕ್ಷಿಣ ಅಮೆರಿಕದವಳು. ನಿನ್ನ ಮನೆಯೇ ಸರಿ ತ್ಯಾಂಪಣ್ಣ, ಚೂರು ಬಟ್ಟೆಗೆ ಬರ ಇಲ್ಲ. ಆದರೆ ನನಗೆ ಆರು ವಾರ ಧಾರವಾಡದಲ್ಲಿ ಟ್ರೈನಿಂಗ್ ಉಂಟು. ಮಾತಾಡುದು ಯಾರು?"

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಒಂದು ಕ್ಷಣ ಯೋಚನೆ ಮಾಡುತ್ತಿದ್ದರು. ತ್ಯಾಂಪಣ್ಣ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಹೇಳಿದ, "ನಾನು ಎಂತಕ್ಕೆ ಇರುದು ಮಾಸ್ಟ್ರೆ?"

ಹೀಗೆ ಜೂನ್ ತಿಂಗಳ ಕೊನೆಯ ಒಂದು ಬೆಳಿಗ್ಗೆ ಪುತ್ತೂರಿನ ಬಸ್ಸಿನಿಂದ ಎಲೆನಾ ಇಳಿದಳು. ಬಾಗಿಲಲ್ಲಿ ತಲೆ ಬಗ್ಗಿಸಿ ಇಳಿಯಬೇಕಾದಷ್ಟು ಎತ್ತರ, ಮೊಣಕಾಲವರೆಗೆ ಬರುವ ಜಡೆ, ಕೈಯಲ್ಲಿ ಒಂದೇ ಒಂದು ಚೀಲ. ಪಕ್ಕದ ಜಿನಸಿನ ಅಂಗಡಿಯ ಅಲಿ ಕುಂಞಿ ಶುಕ್ರವಾರ ಬಿಟ್ಟು ಬೇರೆ ದಿನ ಬಾಗಿಲು ಎಳೆದದ್ದನ್ನು ಊರು ಅಂದೇ ಮೊದಲು ಕಂಡದ್ದು. ಅಷ್ಟು ಜನರ ಎದುರು ತ್ಯಾಂಪಣ್ಣ ಮುಂದೆ ಹೋಗಿ, ಎದೆ ಸೆಟೆಸಿ, "ಎಸ್," ಎಂದ. ಅವಳು ನಕ್ಕು ಕೈಮುಗಿದಳು. ಜನರೆಲ್ಲ ತ್ಯಾಂಪಣ್ಣನ ಮುಖವನ್ನೇ ನೋಡಿದರು. ಒಂದೇ ಮಾತಿನಲ್ಲಿ ಇಷ್ಟೆಲ್ಲ ಹೇಳಿ ಮುಗಿಸಿದನಲ್ಲ ಎಂದು ಅವರಿಗೆ ಬೆರಗು.

ಮೊದಲ ಮಧ್ಯಾಹ್ನದ ಊಟದಲ್ಲೇ ಕಥೆ ದಾರಿ ತಪ್ಪಿತು. ತ್ಯಾಂಪಣ್ಣನ ಹೆಂಡತಿ ಕುಮುದಿನಿ ತಟ್ಟೆ ಇಟ್ಟಾಗ ಎಲೆನಾ ಬೆರಳು ತೋರಿಸಿ ಇನ್ನೊಂದು ತಟ್ಟೆ ಕೇಳಿದಳು. ಅದನ್ನು ತನ್ನ ಪಕ್ಕ ಇಟ್ಟು, ಚೀಲದಿಂದ ಒಂದು ಫೋಟೋ ತೆಗೆದು ತಟ್ಟೆಯ ಎದುರು ನಿಲ್ಲಿಸಿದಳು. ಕನ್ನಡಕದ, ತೆಳು ಮೀಸೆಯ, ನಗುವ ಗಂಡಸು. "ಎಮಿಲಿಯೋ," ಎಂದಳು. "ಬ್ರದರ್." ಮೊದಲು ಆ ತಟ್ಟೆಗೆ ಒಂದು ಸೌಟು ಅನ್ನ, ಮೀನಿನ ಒಂದು ತುಂಡು. ಮತ್ತೆ ತನ್ನದು. ಆಮೇಲೆ ಊಟಕ್ಕೆ ಕೈ ಹಾಕಿದಳು.

ತ್ಯಾಂಪಣ್ಣನ ತಾಯಿ ದುಗ್ಗಮ್ಮ ಬಾಗಿಲ ಸಂದಿನಿಂದ ಇದನ್ನು ನೋಡಿ ಮಗನನ್ನು ಅಡುಗೆ ಮನೆಗೆ ಕರೆದಳು.

"ಅವಳ ಅಣ್ಣ ಹೋಗಿದ್ದಾನೆ ತ್ಯಾಂಪ."

"ಎಲ್ಲಿಗೆ?"

"ನಮ್ಮ ಸೀತು ಇರುವಲ್ಲಿಗೆ."

ಸೀತು ಎಂದರೆ ತ್ಯಾಂಪಣ್ಣನ ತಂಗಿ. ಅವನಿಗೆ ಹತ್ತು ವರ್ಷ ಆಗಿದ್ದಾಗ, ಎರಡು ವರ್ಷದ ಮಗು ಸೀತು ಜ್ವರದಲ್ಲಿ ತೀರಿಕೊಂಡಿದ್ದಳು. ಆ ಕಡೆಯ ಮನೆಗಳಲ್ಲಿ ಹೋದವರನ್ನು ಹೋದರೆಂದು ಬಿಟ್ಟುಬಿಡುವ ಪದ್ಧತಿ ಇಲ್ಲ. ವಿಶೇಷದ ಅಡುಗೆಯಾದರೆ ಮೊದಲು ಅವರಿಗೊಂದು ಎಲೆ ಬಡಿಸಿಡುತ್ತಾರೆ. ಮಕ್ಕಳಾಗಿ ಸತ್ತವರು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆಯಾಗದೆ ಕೂತರೆ ಇಲ್ಲಿಯವರ ಮದುವೆಗೆ ಅಡ್ಡ ನಿಲ್ಲುತ್ತಾರೆ. ಆದ್ದರಿಂದ ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ಹುಡುಕಿ, ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಎರಡು ಕುರ್ಚಿ ಇಟ್ಟು, ಒಂದರ ಮೇಲೆ ಸೀರೆ ಬಳೆ, ಇನ್ನೊಂದರ ಮೇಲೆ ಅಂಗಿ ಮುಂಡು ಇಟ್ಟು ಮದುವೆ ಮಾಡಿ ಮುಗಿಸುತ್ತಾರೆ. ಕೋಳಿ ಸಾರಿನ ಊಟವೂ ಇರುತ್ತದೆ, ಬೀಗರ ಕೊಂಕು ಮಾತೂ ಇರುತ್ತದೆ.

ತ್ಯಾಂಪಣ್ಣನ ಮಗಳು ದಮಯಂತಿಗೆ ಅಷ್ಟರಲ್ಲಿ ಮೂರು ಸಂಬಂಧ ಬಂದು ಮುರಿದಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿದರೆ, ಅತ್ತೆ ಕೂತಿರುವಾಗ ಸೊಸೆ ಏಳುವುದು ಹೇಗೆ ಎಂದು ಬಂತು. ನಾಲ್ಕನೆಯದು ಸುಳ್ಯದ ಬೋಜ ಎಂಬವರ ಮಗನದು. ಹುಡುಗ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ, ದಮಯಂತಿಗೆ ಮನಸ್ಸಿಗೆ ಬಂದವನು. ಆದರೆ ಬೋಜ ಖಂಡಿತ ಮಾಡಿ ಹೇಳಿದ್ದರು: "ಆಟಿ ಮುಗಿಯುವುದರ ಒಳಗೆ ನಿಮ್ಮ ತಂಗಿಯದ್ದು ಒಂದು ದಾರಿ ಮಾಡಿ. ಆಗದಿದ್ದರೆ ನಾವು ಬೇರೆ ಕಡೆ ನೋಡುದು." ಸತ್ತ ಹುಡುಗರೇನೋ ಸಿಕ್ಕಿದ್ದರು. ಒಬ್ಬನ ಬರಿ, ಅಂದರೆ ಕುಲದ ಕವಲು, ಇವರದ್ದೇ ಆಯಿತು. ಇನ್ನೊಬ್ಬ ಕುಡಿದು ಸತ್ತವ. ಆಟಿ ಮುಗಿಯಲಿಕ್ಕೆ ಒಂದೂವರೆ ತಿಂಗಳಿತ್ತು.

ತ್ಯಾಂಪಣ್ಣ ಮೂರು ದಿನ ಆ ಫೋಟೋವನ್ನೇ ನೋಡಿದ. ನಾಲ್ಕನೆಯ ದಿನ, ಎಲೆನಾ ಅಂಗಡಿಯ ಜಗಲಿಯಲ್ಲಿ ಕೂತು ಗೋಣಿಯ ಮೇಲೆ ಬಟ್ಟೆಯ ಚೂರು ಜೋಡಿಸುತ್ತಿರುವಾಗ ಪಕ್ಕದಲ್ಲಿ ಕೂತ.

"ಬ್ರದರ್," ಎಂದ.

"ಎಸ್," ಎಂದಳು ಎಲೆನಾ, ತಲೆ ಎತ್ತಿ.

"ಮ್ಯಾರೇಜ್?"

"ನೋ." ಅವಳ ಮುಖ ಸಣ್ಣದಾಯಿತು.

"ಮೈ ಸಿಸ್ಟರ್," ತ್ಯಾಂಪಣ್ಣ ಆಕಾಶದ ಕಡೆ ಬೆರಳು ತೋರಿಸಿದ. "ಆಲ್ಸೋ ನೋ ಮ್ಯಾರೇಜ್."

ಎಲೆನಾ ಮಾಳಿಗೆಯಲ್ಲಿ ಯಾರೋ ಇದ್ದಾರೆಂದು ತಿಳಿದು ಗೌರವದಿಂದ ತಲೆ ಆಡಿಸಿದಳು.

ತ್ಯಾಂಪಣ್ಣ ಒಳಗೆ ಹೋಗಿ, "ಕೇಳಿ ಆಯಿತು. ಒಪ್ಪಿಗೆ ಉಂಟು," ಎಂದ.

ಇಂಥ ಮದುವೆಗಳ ದಲ್ಲಾಳಿ ಚೆನ್ನಪ್ಪ ಮರುದಿನವೇ ಬಂದು ಕೂತ. ಎಲೆನಾಳ ಕಾಗದಗಳ ಕಟ್ಟಿನಲ್ಲಿ ಎಮಿಲಿಯೋವಿನ ಫೋಟೋ ಅಂಟಿಸಿದ ಒಂದು ಅರ್ಜಿ ಇತ್ತು, ಅದರಲ್ಲಿ ಹುಟ್ಟಿದ ತಾರೀಕು ಇತ್ತು. ಬದುಕಿದ್ದಿದ್ದರೆ ಮೂವತ್ತೆಂಟು. ಸೀತುವಿಗೆ ಮೂವತ್ತೇಳು. ಚೆನ್ನಪ್ಪ ಕೈಬೆರಳು ಮಡಚಿ ಬಿಚ್ಚಿ, ಪ್ರಾಯ ಸರಿ ಎಂದ.

"ಬರಿ ಯಾವುದು?" ಎಂದು ದುಗ್ಗಮ್ಮ ಕೇಳಿದಳು.

"ಅದೇ ಗಮ್ಮತ್ತು," ಎಂದ ಚೆನ್ನಪ್ಪ. "ನಮ್ಮ ಯಾವ ಬರಿಯಲ್ಲೂ ಇಲ್ಲದವ. ಅಂದ ಮೇಲೆ ಯಾವ ಬರಿಗೂ ಅಡ್ಡಿ ಇಲ್ಲ. ಇಂಥ ಹುಡುಗ ಈ ತಾಲೂಕಿನಲ್ಲಿ ಹುಟ್ಟಲಿಕ್ಕೇ ಸಾಧ್ಯ ಇಲ್ಲ."

ಸುದ್ದಿ ಬಸ್ಸು ಹತ್ತಿತು. ಆಲೆಟ್ಟಿಯಿಂದ ತ್ಯಾಂಪಣ್ಣನ ನಾದಿನಿ ಲೋಲಾಕ್ಷಿ ಎರಡು ಬಸ್ಸು ಬದಲಿಸಿ ಬಂದು, ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಲ್ಲ ಭಾವ, ನನ್ನ ಬದುಕಿದ್ದ ಮಗಳಿಗೆ ಕಡಬದ ರಬ್ಬರ್ ಟ್ಯಾಪರ್. ನಿಮ್ಮ ಸತ್ತವಳಿಗೆ ಅಮೆರಿಕ. ಇದು ಎಲ್ಲಿಯ ನ್ಯಾಯ?"

"ದಕ್ಷಿಣ ಅಮೆರಿಕ," ಎಂದು ತ್ಯಾಂಪಣ್ಣ ವಿನಯದಿಂದ ತಿದ್ದಿದ.

"ಹುಡುಗ ಎಂತ ಮಾಡುದು?"

"ಇಸ್ಕೂಲು ಮಾಸ್ಟ್ರು ಆಗಿದ್ದದ್ದಂತೆ."

"ಪೆನ್ಶನ್ ಉಂಟು ಹಾಗಾದರೆ," ಎಂದಳು ಲೋಲಾಕ್ಷಿ, ಸೋತ ಧ್ವನಿಯಲ್ಲಿ.

ಈ ನಡುವೆ ಜಗಲಿಯಲ್ಲಿ ಗೋಣಿಯ ಮೇಲೆ ಒಂದು ಲೋಕ ಏಳುತ್ತಿತ್ತು. ಕಸದ ಬುಟ್ಟಿಗೆ ಹೋಗಬೇಕಾದ ಚೂರುಗಳಿಂದ ಎಲೆನಾ ಒಂದು ಬೀದಿ ಮಾಡಿದಳು. ಕುಮುದಿನಿಯ ರವಿಕೆಯ ನೀಲಿ ಆಕಾಶವಾಯಿತು, ಪೋಸ್ಟ್‌ಮ್ಯಾನಿನ ಖಾಕಿ ಪ್ಯಾಂಟಿನ ತುದಿ ಬಾಗಿಲು ತಟ್ಟುವ ಸಿಪಾಯಿಗಳಾಯಿತು, ಸಿಪಾಯಿಗಳ ನಡುವೆ ಬೆನ್ನು ತಿರುಗಿಸಿ ಹೋಗುವ ಒಬ್ಬ ಗಂಡಸು. ಬೀಡಿ ಕಟ್ಟುವ ಮೊರ ಹಿಡಿದು ಬಂದ ಹೆಂಗಸರು ಬೀಡಿ ಮರೆತು ನಿಂತರು. ಯಾರೂ ಅರ್ಥ ಕೇಳಲಿಲ್ಲ. "ನಮ್ಮ ಬುಟ್ಟಿಯಲ್ಲಿ ಇಷ್ಟೆಲ್ಲ ಇತ್ತಾ," ಎಂದಳು ಕುಮುದಿನಿ ಮೆಲ್ಲಗೆ. ಗೋಣಿಯ ಕೆಳಗಿನ ಅರ್ಧವನ್ನು ಎಲೆನಾ ಖಾಲಿ ಬಿಟ್ಟು, ಮನೆಗೆ ಬಾರದವರು ಇದ್ದರೆ ಅವರ ಬಟ್ಟೆ ತನ್ನಿ ಎಂದು ಕೈಸನ್ನೆಯಲ್ಲಿ ಹೇಳಿದಳು. ಇದನ್ನು ಅರ್ಥ ಮಾಡಿಕೊಳ್ಳಲಿಕ್ಕೆ ತ್ಯಾಂಪಣ್ಣನ ಇಂಗ್ಲಿಷ್ ಬೇಕಾಗಲಿಲ್ಲ. ಮರುದಿನ ಅಲಿ ಕುಂಞಿ ಒಂದು ಚೌಕಳಿ ಅಂಗಿ ತಂದು ಅವಳ ಮಡಿಲಲ್ಲಿ ಇಟ್ಟ. ಹದಿಮೂರು ವರ್ಷದ ಹಿಂದೆ ಲಾಂಚು ಹತ್ತಿ ದುಬಾಯಿಗೆಂದು ಹೊರಟ ಅವನ ತಮ್ಮನದು. ಲಾಂಚು ದಡ ಕಂಡಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಎಲೆನಾ ಆ ಅಂಗಿಯನ್ನು ಕತ್ತರಿಸಲಿಲ್ಲ. ಇಡೀ ಅಂಗಿಯನ್ನೇ ತೋಳು ಚಾಚಿದ ಹಾಗೆ ಹೊಲಿದಳು. ಅಲಿ ಕುಂಞಿ ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದನೆಂದರೆ, ಅಂಗಡಿಯಲ್ಲಿ ಗಿರಾಕಿಗಳು ತಾವೇ ಸಕ್ಕರೆ ಕಟ್ಟಿಕೊಂಡು ಹೋದರು.

ತ್ಯಾಂಪಣ್ಣ ಮಾತ್ರ ಬೇರೆ ಹೊಲಿಗೆಯಲ್ಲಿ ಮುಳುಗಿದ್ದ. ಫೋಟೋ ನೋಡಿ ಭುಜದ ಅಳತೆ ಅಂದಾಜು ಮಾಡಿ ಮದುಮಗನಿಗೆ ಬಿಳಿ ಅಂಗಿ ಹೊಲಿಯುತ್ತಿದ್ದ. ಟೈಟೋ ಲೂಸೋ ಎಂದು ಹೇಳುವವರಿಲ್ಲದ ಅಂಗಿ ಅವನ ಕೈಯಿಂದ ಇದೇ ಮೊದಲು ಬಂದದ್ದು. ಎಲೆನಾ ಅದನ್ನು ನೋಡಿ, ಫೋಟೋ ನೋಡಿ, ಅವನ ಕೈ ಹಿಡಿದುಕೊಂಡಳು. ಬೀಗತಿ ಎಷ್ಟು ಒಳ್ಳೆಯವಳು ಎಂದುಕೊಂಡ ತ್ಯಾಂಪಣ್ಣ.

ಆಟಿಯ ಕೊನೆಯ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮುಹೂರ್ತ. ಧಾರವಾಡದಿಂದ ಹಿಂದಿನ ದಿನವಷ್ಟೇ ಬಂದಿದ್ದ ಪ್ರೇಮನಾಥ ಮಾಸ್ಟ್ರು, ಚಿತ್ರದ ಪ್ರದರ್ಶನ ಇರಬೇಕೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಎಲೆನಾ ಕೂಡ ಹಾಗೆಯೇ ತಿಳಿದಿದ್ದಳು. ಗೋಡೆಗೆ ಗೋಣಿ ತೂಗುಹಾಕಿತ್ತು. ಚಾವಡಿಯ ತುಂಬ ಜನ. ಸುಳ್ಯದ ಬೋಜ ಮಗನ ಸಮೇತ ಬಂದು, ಷರತ್ತು ಸರಿಯಾಗಿ ನಡೆಯುತ್ತದೋ ಎಂದು ಪರಿಶೀಲಿಸುವ ಅಧಿಕಾರಿಯ ಹಾಗೆ ಮುಂದಿನ ಬೆಂಚಿನಲ್ಲಿ ಕೂತಿದ್ದರು. ನಡುವೆ ಎರಡು ಕುರ್ಚಿ. ಒಂದರ ಮೇಲೆ ಹಸಿರು ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಬಿಳಿ ಅಂಗಿ, ಮುಂಡು, ಎಮಿಲಿಯೋವಿನ ಫೋಟೋ.

ಚೆನ್ನಪ್ಪ ಗಂಟಲು ಸರಿಮಾಡಿ, "ಗಂಡಿನ ಕಡೆಯವರು ಮುಂದೆ ಬನ್ನಿ," ಎಂದ.

ಎಲ್ಲರೂ ಎಲೆನಾಳ ಕಡೆ ತಿರುಗಿದರು. ಎಲೆನಾ ಪ್ರೇಮನಾಥ ಮಾಸ್ಟ್ರ ಕಡೆ ತಿರುಗಿದಳು. ಪ್ರೇಮನಾಥ ಮಾಸ್ಟ್ರು ಕುರ್ಚಿಗಳನ್ನು ನೋಡಿದರು, ಹಸಿರು ಸೀರೆ ನೋಡಿದರು, ತ್ಯಾಂಪಣ್ಣನ ಮುಖ ನೋಡಿದರು. ಊರಿನ ಪದ್ಧತಿ ಬಲ್ಲವರಾದ್ದರಿಂದ ಅವರಿಗೆ ಒಂದೇ ಸಲಕ್ಕೆ ಎಲ್ಲ ಹೊಳೆಯಿತು, ಅಂಗಿಯ ಇಸ್ತ್ರಿ ಬೆವರಿನಲ್ಲಿ ಹೋಯಿತು.

"ತ್ಯಾಂಪಣ್ಣ, ಇವಳಿಗೆ ಗೊತ್ತುಂಟಾ?"

"ಎಲ್ಲ ಮಾತಾಡಿ ಆಗಿದೆ ಮಾಸ್ಟ್ರೆ. ನೀವು ಸುಮ್ಮನೆ ಶಾಸ್ತ್ರಕ್ಕೆ ಒಮ್ಮೆ ಹೇಳಿ."

ಮಾಸ್ಟ್ರು ಹೇಳಿದರು. ಹೇಳಲಿಕ್ಕೆ ಬಹಳ ಹೊತ್ತು ಬೇಕಾಯಿತು. ಎಲೆನಾ ಕೇಳುತ್ತಾ ಕೇಳುತ್ತಾ ಬಿಳಿಚಿಕೊಂಡಳು. ಮತ್ತೆ ಎದ್ದು ಹೋಗಿ ಕುರ್ಚಿಯ ಮೇಲಿನ ಫೋಟೋವನ್ನು ಎತ್ತಿ ಎದೆಗೆ ಹಿಡಿದುಕೊಂಡು ಎರಡು ಮಾತು ಆಡಿದಳು.

"ಅಣ್ಣ ಸತ್ತಿದ್ದಾನೆಂದು ನಿಮಗೆ ಯಾರು ಹೇಳಿದ್ದು ಅಂತ ಕೇಳುತ್ತಿದ್ದಾಳೆ," ಎಂದರು ಮಾಸ್ಟ್ರು.

ಚಾವಡಿಯ ಅಷ್ಟೂ ತಲೆಗಳು ತ್ಯಾಂಪಣ್ಣನ ಕಡೆಗೆ ಬಂದವು. ತ್ಯಾಂಪಣ್ಣನಿಗೆ ಗೊತ್ತಿದ್ದ ಇಂಗ್ಲಿಷೆಲ್ಲ ಆ ಗಳಿಗೆಯಲ್ಲಿ ಬೊಂಬಾಯಿಗೆ ವಾಪಸು ಹೋಯಿತು.

"ತಟ್ಟೆ," ಎಂದ ಅವನು ಕಷ್ಟಪಟ್ಟು. "ತಟ್ಟೆ ಇಡುತ್ತಿದ್ದಳಲ್ಲ."

ಎಲೆನಾ ಹೇಳುತ್ತಾ ಹೋದಳು, ಮಾಸ್ಟ್ರು ಕನ್ನಡ ಮಾಡುತ್ತಾ ಹೋದರು. ಅವಳ ದೇಶದಲ್ಲಿ ಸೈನ್ಯದವರ ಸರಕಾರ. ಏಳು ವರ್ಷದ ಹಿಂದೆ ಒಂದು ರಾತ್ರಿ ಊಟಕ್ಕೆ ಕೂತಿದ್ದ ಅಣ್ಣನನ್ನು ಸಿಪಾಯಿಗಳು ಎಬ್ಬಿಸಿಕೊಂಡು ಹೋದರು. ಬಡಿಸಿದ ಅನ್ನ ತಟ್ಟೆಯಲ್ಲಿ ಹಾಗೇ ಇತ್ತು. ಬಂದು ಉಣ್ಣುತ್ತಾನೆಂದು ತಾಯಿ ಅಂದಿನಿಂದ ದಿನಾ ತಟ್ಟೆ ಇಡುತ್ತಾಳೆ, ಮಗಳು ಹೋದಲ್ಲಿ ಮಗಳೂ ಇಡುತ್ತಾಳೆ. ಆಫೀಸಿಗೆ ಹೋಗಿ ಕೇಳಿದರೆ ಮೊದಲು, ಅಂಥ ಮನುಷ್ಯನೇ ಇಲ್ಲ ಎಂದರು. ಮತ್ತೆ, ಸತ್ತಿರಬಹುದು, ಹಾಗೆಂದು ಬರೆದು ಸಹಿ ಹಾಕಿ, ಫೈಲು ಮುಚ್ಚುವಾ ಎಂದರು. ತಾಯಿ ಸಹಿ ಹಾಕಲಿಲ್ಲ.

"ನಾವು ಸತ್ತ ಎಂದ ದಿನ, ಅವನನ್ನು ಎಂತ ಮಾಡಿದಿರಿ ಎಂದು ಕೇಳುವವರು ಯಾರೂ ಇರುವುದಿಲ್ಲ. ಅದಕ್ಕೆ ನಾನು ದೇಶ ದೇಶ ಸುತ್ತಿ ಈ ಬಟ್ಟೆ ಹೊಲಿಯುವುದು," ಎಂದರು ಮಾಸ್ಟ್ರು, ಎಲೆನಾಳ ಧ್ವನಿಯಲ್ಲೇ.

ಗೋಡೆಯ ಮೇಲಿನ ಖಾಕಿ ಸಿಪಾಯಿಗಳನ್ನು ಈಗ ಹೊಸದಾಗಿ ನೋಡುವವರ ಹಾಗೆ ಜನ ನೋಡಿದರು. ಒಂದು ಸರಕಾರಕ್ಕೆ ಎದುರಾಗಿ ಒಬ್ಬಳು ಹೆಂಗಸು ಬರೇ ಒಂದು ತಟ್ಟೆ ಇಟ್ಟುಕೊಂಡು ಏಳು ವರ್ಷ ಕೂತಿದ್ದಾಳೆ ಎಂಬ ಮಾತು ಅವರ ಅಂದಾಜಿಗೆ ಸಿಗುವಷ್ಟು ಸಣ್ಣದಾಗಿರಲಿಲ್ಲ.

ಚೆನ್ನಪ್ಪ ಮಾತ್ರ ಕಸುಬಿನವ. "ಏಳು ವರ್ಷ ಆಯಿತಲ್ಲ. ಹೇಗೂ..." ಎಂದು ಎತ್ತಿದ.

"ಬಾಯಿ ಮುಚ್ಚು ಚೆನ್ನಪ್ಪ," ಎಂದ ಹಿಂದಿನಿಂದ ಅಲಿ ಕುಂಞಿ. "ನನ್ನ ತಮ್ಮನ ಅಂಗಿ ಅಲ್ಲಿ ಗೋಡೆಯಲ್ಲಿ ಉಂಟು. ಅವ ಹೋಗಿ ಹದಿಮೂರು ವರ್ಷ. ಅವನ ವಿಷಯದಲ್ಲಿ ಹೇಗೂ ಅಂತ ಒಂದು ಸಲ ಹೇಳಿ ನೋಡು."

ಬೋಜ ಟೋಪಿ ಎತ್ತಿಕೊಂಡರು. "ಹಾಗಾದರೆ ಮದುವೆ ಇಲ್ಲ. ನಾಳೆಗೆ ಆಟಿ ಮುಗಿಯಿತು. ನಾವು ಹೊರಡುದು ತ್ಯಾಂಪಣ್ಣ."

ದಮಯಂತಿ ಒಳಗಿನ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ತ್ಯಾಂಪಣ್ಣ ಎದ್ದು ಎಲೆನಾಳ ಎದುರು ಹೋಗಿ ನಿಂತ. ಹೇಳಬೇಕಾದದ್ದು ಬಹಳ ಇತ್ತು. "ಮಾಸ್ಟ್ರೆ, ನನಗೆ ಇಂಗ್ಲಿಷ್ ಬರುದಿಲ್ಲ ಅಂತ ಅವಳಿಗೆ ಹೇಳಿ," ಎಂದ ಕಡೆಗೆ. ಇಪ್ಪತ್ತು ವರ್ಷದಲ್ಲಿ ಅವನು ಆಡಿದ ಅತಿ ಕಷ್ಟದ ಮಾತು ಅದು. ಊರವರು ಸೌಜನ್ಯದಿಂದ ಕೇಳಿಸಲಿಲ್ಲ ಎಂಬ ಹಾಗೆ ಕೂತರು.

ಆಗ ದುಗ್ಗಮ್ಮ ಮೂಲೆಯಿಂದ ಎದ್ದು ಬಂದು ಹಸಿರು ಸೀರೆಯ ಕುರ್ಚಿಯ ಪಕ್ಕ ನಿಂತಳು.

"ಮಾಸ್ಟ್ರೆ, ಕೇಳಿ. ಹುಡುಗ ಬೇರೆ ಯಾರಿಗಾದರೂ ಮಾತು ಕೊಟ್ಟಿದ್ದನಾ?"

ಮಾಸ್ಟ್ರು ಕೇಳಿದರು. ಎಲೆನಾ ಇಲ್ಲವೆಂದು ತಲೆ ಆಡಿಸಿದಳು.

"ಅವ ಸತ್ತಿದ್ದಾನೆ ಅಂತ ನಾನು ಹೇಳುದಿಲ್ಲ. ಹೇಳುವವರನ್ನು ಈ ಮನೆಯಲ್ಲಿ ಕೂರಿಸುದೂ ಇಲ್ಲ. ಇವತ್ತು ಮದುವೆ ಬೇಡ. ನಿಶ್ಚಯ ಮಾಡಿ ಇಡುವಾ. ಅವ ಬಂದ ದಿನ ಕುಂಬ್ರಕ್ಕೆ ಬರಲಿ, ಊಟ ಮಾಡಲಿ, ಹುಡುಗಿ ಬೇಡ ಅಂದರೆ ಮಾತು ವಾಪಸು ತಕ್ಕೊಳ್ಳುವಾ, ಬೇಸರ ಇಲ್ಲ. ಅಲ್ಲಿವರೆಗೆ ನನ್ನ ಮಗು ಅವನನ್ನು ಕಾಯುತ್ತಾಳೆ. ಕಾದು ಅವಳಿಗೆ ಅಭ್ಯಾಸ ಉಂಟು."

ಬಾರದೆ ಇದ್ದರೆ ಎಂಬ ಮಾತನ್ನು ಅವಳು ಎತ್ತಲಿಲ್ಲ. ಎತ್ತುವ ಧೈರ್ಯ ಚೆನ್ನಪ್ಪನಿಗೂ ಬರಲಿಲ್ಲ.

"ಪ್ರಶ್ನೆಯಲ್ಲಿ ಮದುವೆ ಅಂತ ಬಂದದ್ದಲ್ಲವಾ ದುಗ್ಗಕ್ಕ?" ಎಂದರು ಬೋಜ, ಟೋಪಿ ಕೈಯಲ್ಲೇ ಹಿಡಿದು.

"ನಿಮ್ಮ ಮಗನಿಗೂ ನನ್ನ ಪುಳ್ಳಿ ದಮಯಂತಿಗೂ ಈಗ ಇರುದು ಬರೇ ಮಾತು. ಮಾತು ಅಂದರೆ ಎಂತದೂ ಅಲ್ಲ ಅಂತ ಇಷ್ಟು ಜನರ ಎದುರು ಹೇಳಿಬಿಡಿ, ಬೋಜಣ್ಣ."

ಬೋಜ ಮಗನನ್ನು ನೋಡಿದರು. ಗುಮಾಸ್ತ ಹುಡುಗ ಅಪ್ಪನ ಕೈಯಿಂದ ಟೋಪಿ ತೆಗೆದು ಬೆಂಚಿನ ಮೇಲೆ ಇಟ್ಟ. "ಮಾತು ಮಾತೇ," ಎಂದರು ಬೋಜ, ಕೂತುಕೊಳ್ಳುತ್ತಾ.

ಪ್ರೇಮನಾಥ ಮಾಸ್ಟ್ರು ದುಗ್ಗಮ್ಮನ ಮಾತನ್ನು ಒಂದೊಂದಾಗಿ ಹೇಳಿ ಮುಗಿಸಿದರು. ಎಲೆನಾ ಬಹಳ ಹೊತ್ತು ಸೀರೆಯ ಕುರ್ಚಿಯನ್ನು ನೋಡಿದಳು. ಮತ್ತೆ ಬಂದು ಫೋಟೋವನ್ನು ಬಿಳಿ ಅಂಗಿಯ ಮೇಲೆ ಮೊದಲಿನ ಹಾಗೇ ಇಟ್ಟಳು. ಅಂಗಿಯ ಕಾಲರನ್ನು ಸರಿಮಾಡಿದಳು.

"ಇಷ್ಟರವರೆಗೆ ಅವನನ್ನು ಕಾಯುವವರು ಇಬ್ಬರಿದ್ದೆವು, ಈಗ ಮೂವರು ಅಂತ ಹೇಳುತ್ತಾಳೆ," ಎಂದರು ಮಾಸ್ಟ್ರು. ಅಷ್ಟು ಹೇಳಿ ಅವರು ಕನ್ನಡಕ ಒರೆಸಲಿಕ್ಕೆ ಹೊರಗೆ ಹೋದರು. ವೀಳ್ಯದ ಹರಿವಾಣ ಬದಲಾಯಿತು. ಬೀಗತಿಯ ಎತ್ತರಕ್ಕೆ ಮಲ್ಲಿಗೆ ಮುಡಿಸಲಿಕ್ಕೆ ಕುಮುದಿನಿ ಸ್ಟೂಲು ಹತ್ತಬೇಕಾಯಿತು.

ಎಲೆನಾ ಗೋಣಿ ಸುತ್ತಿಕೊಂಡು ಹೋದಳು. ಡಿಸೆಂಬರಿನಲ್ಲಿ ದಮಯಂತಿಯ ಮದುವೆ ಯಾವ ಅಡ್ಡಿಯೂ ಇಲ್ಲದೆ ಆಯಿತು. ಹೊಸ ವರ್ಷದಲ್ಲಿ ದೊಡ್ಡದೊಂದು ಲಕೋಟೆ ಬಂತು. ಎಲೆನಾಳ ತಾಯಿಯದು, ಎಲೆನಾ ಇಂಗ್ಲಿಷಿಗೆ ಇಳಿಸಿದ್ದು. ಅಂಗಡಿಯಲ್ಲಿ ಎಲ್ಲರನ್ನೂ ಕೂರಿಸಿ ಪ್ರೇಮನಾಥ ಮಾಸ್ಟ್ರು ಓದಿದರು. ಪ್ರತಿ ಗುರುವಾರ ನಾನು ಸರಕಾರಕ್ಕೆ ಅರ್ಜಿ ಕೊಡುವುದು. ತಾಯಂದಿರ ಅರ್ಜಿ ನೋಡಿ ನೋಡಿ ಅವರಿಗೆ ಸಾಕಾಗಿದೆ, ತೆರೆಯುವುದೇ ಇಲ್ಲ. ಆದ್ದರಿಂದ ಈ ಸಲದ ಅರ್ಜಿಯಲ್ಲಿ ಕೇಳುವವರ ಹೆಸರಿನ ಜಾಗದಲ್ಲಿ, ಮಗನಿಗೆ ನಿಶ್ಚಯವಾದ ಹುಡುಗಿ ಸೀತು, ಊರು ಕುಂಬ್ರ, ಎಂದು ಬರೆದಿದ್ದೇನೆ. ಸೊಸೆಯ ಒಂದು ಸಹಿ ಬೇಕು.

ಮಾಸ್ಟ್ರು ಅರ್ಜಿಯನ್ನು ಹೊಲಿಗೆ ಮಿಶನಿನ ಮೇಲೆ ಹರಡಿದರು. ಎಲ್ಲರೂ ಸುತ್ತ ನಿಂತು ಕೆಳಗಿನ ಖಾಲಿ ಜಾಗವನ್ನು ನೋಡಿದರು.

"ಇದು ಹೇಗೆ ಮಾಡುದು?" ಎಂದ ತ್ಯಾಂಪಣ್ಣ. "ಅವಳಿಗೆ ಅಕ್ಷರ ಬರುದಿಲ್ಲ."

ಅವಳು ತೀರಿಕೊಂಡು ಮೂವತ್ತೈದು ವರ್ಷ ಆಗಿದೆ ಎಂದು ಯಾರೂ ಹೇಳಲಿಲ್ಲ.

ದುಗ್ಗಮ್ಮ ಅಲಿ ಕುಂಞಿಯ ಅಂಗಡಿಯಿಂದ ಶಾಯಿ ಪ್ಯಾಡು ತರಿಸಿ, ಎಡಗೈಯ ಹೆಬ್ಬೆಟ್ಟನ್ನು ಅದರಲ್ಲಿ ಒತ್ತಿದಳು.

"ಅಮ್ಮ, ಅದು ನಿಮ್ಮದಲ್ಲವಾ," ಎಂದ ತ್ಯಾಂಪಣ್ಣ.

"ಜ್ವರದಲ್ಲಿ ಅವಳು ನಾಲ್ಕು ದಿನ ಈ ಬೆರಳನ್ನು ಹಿಡಿದುಕೊಂಡೇ ಇದ್ದದ್ದು. ಬಿಡಿಸಿದ್ದು ನಾನಲ್ಲ," ಎಂದಳು ದುಗ್ಗಮ್ಮ. ಬೆರಳನ್ನು ಕಾಗದದ ಮೇಲೆ ಇಟ್ಟು, ಎಣಿಸುವವಳ ಹಾಗೆ ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದಳು.

ಲಕೋಟೆಯನ್ನು ರಿಜಿಸ್ಟರ್ ಮಾಡಲಿಕ್ಕೆ ತ್ಯಾಂಪಣ್ಣ ತಾನೇ ಪುತ್ತೂರಿಗೆ ಹೋದ. ಅಂಚೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ವಿಳಾಸ ಓದಿ, ಇದು ಒಂದು ದೇಶದ ಸೈನ್ಯದ ಕಚೇರಿಗೆ ಹೋಗುವಂಥದ್ದೆಂದು ತಿಳಿದು, ಕನ್ನಡಕದ ಮೇಲಿಂದ ನೋಡಿದ.

"ಕಳಿಸುವವರ ಹೆಸರು ಇಲ್ಲ. ನೀವು ಯಾರು?"

ತ್ಯಾಂಪಣ್ಣ ಅಂಗಿಯ ಕಾಲರು ಸರಿಮಾಡಿಕೊಂಡ. "ನಾವು ಹೆಣ್ಣಿನ ಕಡೆಯವರು," ಎಂದ. "ಹಾಗೆಯೇ ಬರೆಯಿರಿ."